ಆತ್ಮಕ್ಕೆ ಗಂಡು ಹೆಣ್ಣು ಇಲ್ಲ, ಸರಿ. ಹೊಸ್ತಿಲಿಗೆ?

ಎಲ್ಲರಿಗೂ ಶರಣು. ಟೈಪ್ ಮಾಡುತ್ತಾ ಕೂತರೆ ನಾಳೆ ಬೆಳಗಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ. ಪಾತ್ರೆ ತೊಳೆಯುತ್ತಾ ಕೇಳಿ. ಗಂಡಸರಿಗೂ ಸೇರಿಸಿಯೇ ಹೇಳಿದ್ದು.

ಬೆಳಿಗ್ಗೆ ಗ್ರೂಪ್ ನೋಡದವರಿಗೆ ವಿಷಯ ಇಷ್ಟು. ಚಿಕ್ಕಪ್ಪ ನೇಕಾರ ವಚನಕಾರ ಜೇಡರ ದಾಸಿಮಯ್ಯನ ವಚನ ಹಾಕಿದರು. "ಮೊಲೆ ಮುಡಿ ಬಂದರೆ ಹೆಣ್ಣೆಂಬರು, ಗಡ್ಡ ಮೀಸೆ ಬಂದರೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ." ಕೆಳಗೆ, ಗಂಡು ಹೆಣ್ಣು ಅನ್ನೋದೆಲ್ಲ ಬರೀ ಭ್ರಮೆ ಅಂತ ಸೇರಿಸಿದರು. ನಮ್ಮ ಪುಟ್ಟಿ ತಕ್ಷಣ ಕೇಳಿದಳು: "ಹಾಗಾದ್ರೆ ಗೃಹಪ್ರವೇಶದ ದಿನ ನನ್ನನ್ನ ಯಾಕೆ ಹೊರಗೆ ಕೂರಿಸಿದ್ರಿ ಅಜ್ಜಾ?" ಅತ್ತೆಗೆ ಸಿಟ್ಟು ಬಂತು. ದೇವರು ಮಾಡಿದ್ದೇ ಎರಡು, ಗಂಡು ಮತ್ತು ಹೆಣ್ಣು, ಇದರಲ್ಲಿ ಭ್ರಮೆ ಎಲ್ಲಿಂದ ಬಂತು ಅಂದರು. ಆಮೇಲೆ ಯಾರೋ ಗುಲಾಬಿ ಹೂವಿನ ಶುಭೋದಯ ಹಾಕಿದರು. ಎಲ್ಲರೂ ಗಪ್‌ಚುಪ್.

ಚಿಕ್ಕಪ್ಪ, ವಚನ ನನಗೂ ಬಾಯಿಪಾಠ. ಆದರೆ ದಾಸಿಮಯ್ಯ ಆ ಒಂದೇ ವಚನ ಬರೆದು ಮಗ್ಗದ ಮುಂದೆ ಕೂತವನಲ್ಲ. ಹೆಂಡತಿ ದುಗ್ಗಳೆಯ ಬಗ್ಗೆ "ದುಗ್ಗಳೆಯ ತಂದು ಬದುಕಿದೆನು" ಅಂತ ಹೆಸರಿಟ್ಟೇ ಹೇಳಿದ್ದಾನೆ. ಗಂಡ ಹೆಂಡತಿ ಒಂದಾಗದವರ ಭಕ್ತಿ ಅಮೃತದಲ್ಲಿ ವಿಷ ಬೆರೆತ ಹಾಗೆ ಅಂದವನೂ ಅವನೇ. ಅವನಿಗೆ ಹೆಂಡತಿ ಅನ್ನುವವಳು ಭ್ರಮೆ ಆಗಿರಲಿಲ್ಲ. ಆತ್ಮಕ್ಕೆ ಮೀಸೆ ಅಂಟಿಸಬೇಡಿ ಅಂದ, ಅಷ್ಟೇ. ಮನೆಯಲ್ಲಿ ಇಬ್ಬರಿದ್ದಾರೆ ಅನ್ನುವುದನ್ನು ಅವನು ಅಲ್ಲಗಳೆಯಲೇ ಇಲ್ಲ.

ಇನ್ನು ಈ ಮಾಯೆ ಭ್ರಮೆ ಅನ್ನುವ ಮಾತು ಬಂದಾಗಲೆಲ್ಲ ನನಗೆ ಒಂದು ಅನುಮಾನ. ನಮ್ಮ ದೇಶದಲ್ಲಿ ಹೆಣ್ಣು ಮಾಯೆ ಅಂದವರು ಎಷ್ಟು ಜನ! ಗಂಡು ಮಾಯೆ ಅಂದವರನ್ನು ನಾನಂತೂ ಜಾಸ್ತಿ ಕಂಡಿಲ್ಲ. ಅಲ್ಲಮ ಅದಕ್ಕೇ ತಿರುಗಿ ಹೇಳಿದ್ದು, ಹೆಣ್ಣು ಮಾಯೆಯಲ್ಲ, "ಮನದ ಮುಂದಣ ಆಸೆಯೇ ಮಾಯೆ" ಅಂತ. ಆಸೆ ನಿಮ್ಮದು, ಬೈಗುಳ ಮಾತ್ರ ಅವಳಿಗೆ ಯಾಕೆ ಅಲ್ವಾ?

ಈಗ ಪುಟ್ಟಿ ವಿಷಯಕ್ಕೆ ಬರುತ್ತೇನೆ. ಅವತ್ತು ಅವಳು ಮುಟ್ಟಾಗಿದ್ದಳು, ನಾನೂ ಅಲ್ಲೇ ಇದ್ದೆ. ಒಳಗೆ ಪೂಜೆ, ಮಂಗಳಾರತಿ. ಹುಡುಗಿ ಮೆಟ್ಟಿಲ ಮೇಲೆ ಚಪ್ಪಲಿ ರಾಶಿಯ ಪಕ್ಕ ಕೂತಿದ್ದಳು. ಹೋಳಿಗೆ ತಟ್ಟೆಯನ್ನು ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟು ತಳ್ಳಿದರು. ಅವಳ ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿ ಕರಡಿಗೆ ಅನ್ನುವ ಪುಟ್ಟ ಡಬ್ಬಿ, ಕರಡಿಗೆಯಲ್ಲಿ ಇಷ್ಟಲಿಂಗ. ಲಿಂಗವನ್ನೂ ಸೇರಿಸಿ ಹೊರಗೆ ಕೂರಿಸಿದೆವು ನಾವು!

ಶರಣರು ಮಾಡಿದ್ದು ಬರೀ ಆತ್ಮದ ಮಾತಲ್ಲ. ಮಗು ಗಂಡೋ ಹೆಣ್ಣೋ ನೋಡದೆ ಲಿಂಗ ಕಟ್ಟಿದರು. ನಡುವೆ ಪೂಜಾರಿ ಇಲ್ಲ, ಅವರವರ ಅಂಗೈಯಲ್ಲೇ ದೇವರು. ಜಾತಿ, ಹುಟ್ಟು, ಸಾವು, ಎಂಜಲು, ಮುಟ್ಟು, ಈ ಐದು ಸೂತಕವೂ, ಅಂದರೆ ಮೈಲಿಗೆಯೂ, ಲಿಂಗ ಕಟ್ಟಿಕೊಂಡವರಿಗೆ ಇಲ್ಲ ಅಂದರು. ಅಂದರೆ ಹನ್ನೆರಡನೇ ಶತಮಾನದಲ್ಲೇ ತೀರ್ಮಾನ ಆದ ಕೇಸು ಇದು. ಹೆಣ್ಣಿನ ಮೈ ಇಲ್ಲ ಅಂತ ಅವರು ಹೇಳಲಿಲ್ಲ. ಆ ಮೈಯಿಂದ ದೇವರಿಗೆ ಮೈಲಿಗೆ ಇಲ್ಲ ಅಂದರು. ಎರಡಕ್ಕೂ ಅಜಗಜಾಂತರ ಇದೆ ಚಿಕ್ಕಪ್ಪ. ಎಲ್ಲ ಭ್ರಮೆ ಅಂದುಬಿಟ್ಟರೆ ನಾವು ಏನೂ ಬದಲಾಯಿಸಬೇಕಾಗಿಲ್ಲ. ಮೈಲಿಗೆ ಇಲ್ಲ ಅಂದರೆ ನಾಳೆಯಿಂದಲೇ ಬಾಗಿಲು ತೆಗೆಯಬೇಕು.

ಹಾಗಂತ ಶರಣರ ಕಾಲದಲ್ಲಿ ಎಲ್ಲ ಸರಿಹೋಗಿತ್ತು ಅಂತ ನಾನು ಹೇಳುತ್ತಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ "ಈಸಕ್ಕಿಯಾಸೆ ನಿಮಗೇಕೆ?" ಅಂತ ಮುಖದ ಮೇಲೇ ಕೇಳಿದಳು, ಸುರಿದು ಬಾ ಅಂತ ವಾಪಸ್ ಕಳಿಸಿದಳು. ಗಂಡನಿಗೆ ದಾರಿ ತೋರಿಸಿದವಳು ಅವಳು. ಆದರೂ ಅವಳ ಅಂಕಿತ, ಅಂದರೆ ವಚನದ ಕೊನೆಗೆ ಗುರುತಾಗಿ ಹಾಕುವ ಹೆಸರು ನೋಡಿ, "ಮಾರಯ್ಯಪ್ರಿಯ ಅಮರೇಶ್ವರಲಿಂಗ". ಮಾರಯ್ಯ ಮಾತ್ರ ತನ್ನ ಅಂಕಿತದಲ್ಲಿ ಲಕ್ಕಮ್ಮನ ಹೆಸರು ಸೇರಿಸಲಿಲ್ಲ. ಶರಣಸತಿ ಲಿಂಗಪತಿ ಅಂತ ಗಂಡಸರೂ ಲಿಂಗದ ಮುಂದೆ ಹೆಂಡತಿಯಾದರು. ಉರಿಲಿಂಗದೇವ ಅನ್ನುವ ಶರಣ ಅಂತೂ ಲಿಂಗವನ್ನೇ ನಲ್ಲ ನಲ್ಲ ಅಂತ ಕರೆದು ಕರಗಿಹೋದ. ಬಹಳ ಚೆಂದ, ನನಗೆ ತುಂಬಾ ಇಷ್ಟ. ಆದರೆ ಗಂಡನ ಜಾಗ ಲಿಂಗಕ್ಕೇ ಉಳಿಯಿತು. ಮೇಲಿನವನು ಪತಿ, ಕೆಳಗಿನವಳು ಸತಿ ಅನ್ನುವ ಲೆಕ್ಕ ಅಲ್ಲೂ ಅಳಿಸಲಿಲ್ಲ. ಈ ಮಾತಿಗೆ ಯಾರಾದರೂ ಜಗಳಕ್ಕೆ ಬರುತ್ತೀರಿ, ಬನ್ನಿ.

ನನ್ನ ಕೇಳಿದರೆ ವಚನ ಬರೆದ ಶರಣೆ ಸತ್ಯಕ್ಕನೇ ಗಟ್ಟಿಗಿತ್ತಿ. ಶರಣರ ಮನೆ ಅಂಗಳ ಗುಡಿಸುತ್ತಿದ್ದವಳು. ಮೊಲೆ ಮುಡಿ ಇದ್ದರೆ ಹೆಣ್ಣು, ಮೀಸೆ ಕಠಾರಿ ಇದ್ದರೆ ಗಂಡು ಅಂತ ಲೆಕ್ಕ ಹಾಕೋದು ಲೋಕದ ರೂಢಿ, ಬಲ್ಲವರ ನೀತಿ ಅಲ್ಲ ಅಂದಳು. ಅವಳು ಕಠಾರಿಯನ್ನೂ ಸೇರಿಸಿದ್ದು ನೋಡಿ! ಮೀಸೆ ತಾನಾಗಿ ಬರುತ್ತದೆ, ಕಠಾರಿಯನ್ನು ಯಾರೋ ಸೊಂಟಕ್ಕೆ ಸಿಕ್ಕಿಸಬೇಕು. ನಾವು ಗಂಡು ಅನ್ನುವುದರಲ್ಲಿ ಹುಟ್ಟಿದ್ದೆಷ್ಟು, ಸಿಕ್ಕಿಸಿದ್ದೆಷ್ಟು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಅತ್ತೆ, ಎರಡೇ ಅಂದಿರಲ್ಲ. ಚಿಕ್ಕಂದಿನಲ್ಲಿ ಮನೆ ಬಾಗಿಲಿಗೆ ಎಲ್ಲಮ್ಮನ ಜೋಗತಿಯರು ಬಂದಾಗ ಮೊರದ ತುಂಬ ಅಕ್ಕಿ ಹಾಕಿ ಕಾಲಿಗೆ ಬೀಳಿಸಿದವರು ನೀವೇ. ಅವರಲ್ಲಿ ಗಂಡಾಗಿ ಹುಟ್ಟಿ ಸೀರೆ ಉಟ್ಟವರೂ ಇರುತ್ತಿದ್ದರು, ನಿಮಗೆ ಗೊತ್ತಿತ್ತು. ಅಂಥ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಮೂರನೇ ಲಿಂಗವನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು 2014ರಲ್ಲಿ. ನೀವು ಅದಕ್ಕೂ ಎಷ್ಟೋ ಮೊದಲೇ ಒಪ್ಪಿದ್ದಿರಿ, ಬಾಗಿಲ ಹೊರಗಡೆ ಮಾತ್ರ. ಅಂಥವರು ಬಾಡಿಗೆಗೆ ಮನೆ ಕೇಳಿದ್ದರೆ ಕೊಡುತ್ತಿದ್ದಿರಾ? ನಾನು ಕೊಡುತ್ತಿದ್ದೆನಾ?

ಸರಿ, ಸಾಕು, ಕುಕ್ಕರ್ ಕೂಗುತ್ತಿದೆ. ಮುಂದಿನ ತಿಂಗಳು ಚಿಕ್ಕಪ್ಪನ ಮೊಮ್ಮಗಳ ಲಿಂಗಧಾರಣೆ ಇದೆಯಲ್ಲ. ದೊಡ್ಡ ಭಾಷಣ, ಬ್ಯಾನರ್ ಏನೂ ಬೇಡ. ಬಂದ ಹೆಣ್ಣುಮಕ್ಕಳನ್ನು ‘ಸರಿ ಇದ್ದೀಯಾ?’ ಅಂತ ಹೊಸ್ತಿಲಲ್ಲಿ ಯಾರೂ ಕಿವಿಯಲ್ಲಿ ಕೇಳದಿದ್ದರೆ ಆಯಿತು. ಅತ್ತೆ, ಪ್ರತಿ ಸಲ ಬಾಗಿಲಲ್ಲಿ ನಿಲ್ಲುವವರು ನೀವು, ಅದಕ್ಕೇ ನಿಮಗೇ ಹೇಳುತ್ತಿದ್ದೇನೆ. ಬೇಜಾರಾದರೆ ಫೋನ್ ಮಾಡಿ ಬೈಯಿರಿ, ರಾತ್ರಿ ಒಂಬತ್ತರ ಮೇಲೆ ಬಿಡುವಾಗಿರುತ್ತೇನೆ.