ಜ್ಯಾಕ್ ಟ್ವಿಸ್ಟ್ ಸತ್ತದ್ದು ಹೇಗೆ? ‘ಬ್ರೋಕ್‌ಬ್ಯಾಕ್ ಮೌಂಟನ್’ ನೋಡಿದ ಮೇಲೆ ಒಂದು ಪ್ರಶ್ನೆ

ಪ್ರಶ್ನೆ: ಸಪ್ತಾಪುರದ ಬಾಡಿಗೆದಾರ, ಧಾರವಾಡ

ಗೆಳೆಯರೇ, ಕಳೆದ ಶನಿವಾರ ರಾತ್ರಿ ಸಪ್ತಾಪುರದ ನಮ್ಮ ಕೋಣೆಯಲ್ಲಿ ನಾವು ನಾಲ್ವರು ಕೂಡಿ ಆಂಗ್ ಲೀ ನಿರ್ದೇಶಿಸಿದ ‘ಬ್ರೋಕ್‌ಬ್ಯಾಕ್ ಮೌಂಟನ್’ ಚಿತ್ರವನ್ನು ನೋಡಿದೆವು. 2005ರ ಈ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಬಂದಿದೆ, ಮೂರು ಆಸ್ಕರ್ ಪ್ರಶಸ್ತಿಗಳೂ ಬಂದಿವೆ ಎಂಬುದಷ್ಟೇ ನಮಗೆ ಮೊದಲು ಗೊತ್ತಿತ್ತು. ಮುಗಿದಾಗ ರಾತ್ರಿ ಒಂದು ಗಂಟೆ. ಆಮೇಲೆ ಬೆಳಕು ಹರಿಯುವವರೆಗೂ ಒಂದೇ ವಿಷಯಕ್ಕೆ ವಾದ ನಡೆಯಿತು, ಆದರೆ ಇತ್ಯರ್ಥವಾಗಲಿಲ್ಲ.

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1963ರ ಬೇಸಿಗೆಯಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಎನಿಸ್ ಡೆಲ್ ಮಾರ್ ಮತ್ತು ಜ್ಯಾಕ್ ಟ್ವಿಸ್ಟ್ ಎಂಬ ಇಬ್ಬರು ಬಡ ಹುಡುಗರು ಒಬ್ಬ ಮಾಲೀಕನ ಕುರಿ ಕಾಯಲು ಬೆಟ್ಟ ಹತ್ತುತ್ತಾರೆ ಮತ್ತು ಅಲ್ಲಿ ಒಬ್ಬರಿಗೊಬ್ಬರು ಒಲಿಯುತ್ತಾರೆ. ಕೆಳಗಿಳಿದ ಮೇಲೆ ಇಬ್ಬರಿಗೂ ಬೇರೆ ಬೇರೆ ಊರಿನಲ್ಲಿ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ. ನಾಲ್ಕು ವರ್ಷದ ಬಳಿಕ ಮತ್ತೆ ಭೇಟಿಯಾದವರು ಮುಂದೆ ಜ್ಯಾಕ್ ಸಾಯುವವರೆಗೂ ಮೀನು ಹಿಡಿಯುವ ನೆಪ ಹೇಳಿ ವರ್ಷಕ್ಕೆ ಒಂದೆರಡು ಸಲ ಬೆಟ್ಟದಲ್ಲಿ ಕೂಡುತ್ತಾರೆ. ಇಬ್ಬರೂ ಸೇರಿ ಒಂದು ಚಿಕ್ಕ ರಾಂಚ್ (ದನಕರು ಸಾಕುವ ಜಮೀನು) ಮಾಡಿಕೊಂಡು ಬದುಕೋಣವೆಂದು ಜ್ಯಾಕ್ ಕೇಳುತ್ತಲೇ ಇರುತ್ತಾನೆ, ಎನಿಸ್ ಒಪ್ಪುವುದೇ ಇಲ್ಲ.

ಕೊನೆಗೊಂದು ದಿನ ಎನಿಸ್ ಬರೆದ ಕಾರ್ಡು ‘ಮೃತ’ ಎಂಬ ಮುದ್ರೆ ಹೊತ್ತು ವಾಪಸು ಬರುತ್ತದೆ. ಅವನು ಟೆಕ್ಸಾಸ್‌ಗೆ ಫೋನ್ ಮಾಡುತ್ತಾನೆ. ನಿರ್ಜನ ರಸ್ತೆಯಲ್ಲಿ ಟೈರಿಗೆ ಗಾಳಿ ತುಂಬುವಾಗ ಅದು ಸಿಡಿದು ಮುಖಕ್ಕೆ ಬಡಿಯಿತು, ಯಾರಾದರೂ ಬರುವಷ್ಟರಲ್ಲಿ ಜೀವ ಹೋಗಿತ್ತು ಎಂದು ಜ್ಯಾಕನ ಹೆಂಡತಿ ಲುರೀನ್ ಹೇಳುತ್ತಾಳೆ. ಅವಳು ಹಾಗೆ ಹೇಳುತ್ತಿರುವಾಗಲೇ ತೆರೆಯ ಮೇಲೆ ಕೆಲವರು ಜ್ಯಾಕನನ್ನು ನೆಲಕ್ಕೆ ಕೆಡವಿ ಹೊಡೆಯುವ ದೃಶ್ಯ ಬಂದು ಹೋಗುತ್ತದೆ. ಒಬ್ಬ ಗೆಳೆಯ ಇದು ಸ್ಪಷ್ಟವಾಗಿ ಕೊಲೆ ಎಂದ; ಇನ್ನೊಬ್ಬ ಅದು ಎನಿಸ್‌ನ ಕಲ್ಪನೆ ಮಾತ್ರ ಎಂದ; ಮೂರನೆಯವ ನಿರ್ದೇಶಕರು ನಮಗೆ ಮೋಸ ಮಾಡಿದ್ದಾರೆ ಎಂದು ಸಿಟ್ಟಾದ. ನನಗೆ ಮೂವರದೂ ಅರ್ಧರ್ಧ ಸರಿ ಅನ್ನಿಸಿತು. ತಾವು ಏನು ಹೇಳುತ್ತೀರಿ?

ಉತ್ತರ: ಹಳೇಹುಬ್ಬಳ್ಳಿ ನೋಡುಗ

ನಿಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ ಆ ಫೋನ್ ದೃಶ್ಯವನ್ನು ನೋಡುವ ಮೊದಲು ಅದಕ್ಕೂ ಹಿಂದಿನ ಒಂದು ದೃಶ್ಯವನ್ನು ನೋಡಬೇಕು. ಜ್ಯಾಕ್ ಮೊದಲ ಸಲ ರಾಂಚಿನ ಮಾತೆತ್ತಿದಾಗ ಎನಿಸ್ ತನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳುತ್ತಾನೆ. ಅವರ ಊರಿನ ಕಡೆ ಇಬ್ಬರು ವಯಸ್ಸಾದ ಗಂಡಸರು ಒಂದೇ ಮನೆಯಲ್ಲಿದ್ದು ರಾಂಚ್ ನಡೆಸುತ್ತಿದ್ದರು. ಅವರಲ್ಲಿ ಅರ್ಲ್ ಎಂಬುವನನ್ನು ಕೊಂದು ನೀರಾವರಿ ಕಾಲುವೆಯಲ್ಲಿ ಎಸೆದಿದ್ದರು. ಎನಿಸ್‌ನ ಅಪ್ಪ ತನ್ನ ಇಬ್ಬರೂ ಗಂಡುಮಕ್ಕಳನ್ನು ಕರೆದುಕೊಂಡು ಹೋಗಿ ಆ ಹೆಣವನ್ನು ತೋರಿಸಿದ. ಆಗ ಎನಿಸ್‌ಗೆ ಒಂಬತ್ತು ವರ್ಷ. ಆ ಕೆಲಸ ಮಾಡಿದವನು ತನ್ನ ಅಪ್ಪನೇ ಇರಬಹುದು ಎಂದೂ ಅವನಿಗೆ ಅನುಮಾನವಿದೆ.

ಆ ದೃಶ್ಯದಲ್ಲಿ ಅಪ್ಪ ಉಪದೇಶವನ್ನೇನೂ ಮಾಡುವುದಿಲ್ಲ, ಬರೀ ತೋರಿಸುತ್ತಾನೆ, ಮತ್ತು ಮಗು ನೋಡುತ್ತದೆ. ಮೂವತ್ತು ವರ್ಷದ ಬಳಿಕ ಫೋನ್ ಹಿಡಿದು ನಿಂತ ಎನಿಸ್‌ಗೆ ‘ಟೈರ್ ಸಿಡಿಯಿತು’ ಎಂಬ ಮಾತು ಕಿವಿಗೆ ಬೀಳುತ್ತದೆ, ಕಣ್ಣಿಗೆ ಕಾಣುವುದು ಮಾತ್ರ ಅಪ್ಪ ತೋರಿಸಿದ್ದೇ. ಆದ್ದರಿಂದ ನಿರ್ದೇಶಕರು ಮೋಸ ಮಾಡಿದ್ದಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಕ್ಷಣ ನಮ್ಮನ್ನು ಎನಿಸ್‌ನ ತಲೆಯೊಳಗೆ ನಿಲ್ಲಿಸಿದ್ದಾರೆ, ಮತ್ತು ಅಲ್ಲಿ ಕೊಲೆಯಲ್ಲದೆ ಬೇರೆ ಸಾವಿಗೆ ಜಾಗವೇ ಇಲ್ಲ.

ಈ ಚಿತ್ರಕ್ಕೆ ಮೂಲವಾದ ಆನಿ ಪ್ರೂ ಅವರ ಸಣ್ಣಕಥೆ 1997ರ ಅಕ್ಟೋಬರ್‌ನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಫೋನ್ ಇಡುವಾಗ ಎನಿಸ್‌ಗೆ ಅನುಮಾನ ಮಾತ್ರ ಇರುತ್ತದೆ. ಮುಂದೆ ಅವನು ಜ್ಯಾಕನ ಅಪ್ಪ ಅಮ್ಮನ ಮನೆಗೆ ಹೋದಾಗ, ಈಚೆಗೆ ಜ್ಯಾಕ್ ಟೆಕ್ಸಾಸ್‌ನ ಇನ್ನೊಬ್ಬ ಗಂಡಸನ್ನು ಕರೆತರುವ ಮಾತಾಡುತ್ತಿದ್ದ ಎಂದು ಆ ಮುದುಕ ಹೇಳುತ್ತಾನೆ. ಅದನ್ನು ಕೇಳಿದ ಮೇಲೆ ಎನಿಸ್‌ಗೆ ಕೊಲೆಯೇ ಎಂದು ಖಚಿತವಾಗುತ್ತದೆ. ಆದರೆ ಗಮನಿಸಿ, ಖಚಿತವಾದದ್ದು ಎನಿಸ್‌ಗೆ. ಸಾಕ್ಷಿ ಅಲ್ಲಿಯೂ ಇಲ್ಲ. ಚಿತ್ರದಲ್ಲಿ ಆ ಖಚಿತತೆ ಫೋನ್ ಕರೆಯ ನಡುವೆಯೇ, ಇನ್ನೂ ಬೇಗ ಬಂದುಬಿಡುತ್ತದೆ. ನಿಮ್ಮ ಎರಡನೆಯ ಗೆಳೆಯನ ಮಾತು ನನಗೆ ಹೆಚ್ಚು ಹತ್ತಿರ, ‘ಮಾತ್ರ’ ಎಂಬ ಪದವೊಂದನ್ನು ಬಿಟ್ಟು.

ಉತ್ತರ: ಕಪ್ಪತಗುಡ್ಡದ ಬದಿಯವ, ಗದಗ ಜಿಲ್ಲೆ

ನಮ್ಮದು ಕುರಿ ಕಾಯುವ ಮನೆತನ, ಊರು ಮುಂಡರಗಿ ತಾಲ್ಲೂಕು. ಎಲ್ಲರೂ ಪ್ರೇಮದ ಬಗ್ಗೆ ಬರೆಯುತ್ತಾರೆ, ಈ ಚಿತ್ರದ ಕುರಿಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಜ್ಯಾಕನ ಸಾವಿನ ಪ್ರಶ್ನೆಗೆ ನನಗೆ ದಾರಿ ಸಿಕ್ಕಿದ್ದು ಕುರಿಗಳಿಂದಲೇ.

ಅರಣ್ಯ ಇಲಾಖೆ ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಬಿಡಾರ ಹೂಡಬೇಕು ಎಂಬ ನಿಯಮ ಅಲ್ಲಿದೆ. ಹಿಂದಿನ ಬೇಸಿಗೆಯಲ್ಲಿ ಕಾಲು ಪಾಲು ಕುರಿಗಳನ್ನು ಕಳೆದುಕೊಂಡ ಮಾಲೀಕ ಅಗಿರೆ ಆ ನಿಯಮವನ್ನು ಮುರಿಯುತ್ತಾನೆ: ಒಬ್ಬ ಬಿಡಾರದಲ್ಲಿರಲಿ, ಇನ್ನೊಬ್ಬ ಊಟಕ್ಕೆ ಮಾತ್ರ ಬಂದು, ರಾತ್ರಿ ಬೆಂಕಿ ಹಾಕದೆ, ಗುರುತು ಬಿಡದೆ ಕುರಿಗಳ ನಡುವೆಯೇ ಕದ್ದು ಮಲಗಲಿ ಎನ್ನುತ್ತಾನೆ. ಅಂದರೆ ಈ ಇಬ್ಬರೂ ಬಚ್ಚಿಟ್ಟುಕೊಂಡು ಮಲಗುವುದನ್ನು ಮೊದಲು ಕಲಿತದ್ದು ಪ್ರೇಮದಿಂದಲ್ಲ, ಕೂಲಿಯಿಂದ. ಅವರು ಒಟ್ಟಿಗೆ ಮಲಗಿದ ಮೊದಲ ರಾತ್ರಿ ಕುರಿಗಳ ಬಳಿ ಯಾರೂ ಇರಲಿಲ್ಲ, ಬೆಳಿಗ್ಗೆ ಎನಿಸ್ ಹೋಗಿ ನೋಡಿದರೆ ಒಂದು ಕುರಿಯ ಹೊಟ್ಟೆ ಬಗೆದುಬಿದ್ದಿರುತ್ತದೆ. ಅಲ್ಲಿನ ಆ ಪ್ರಾಣಿಗೆ ಕಯೋಟಿ ಎನ್ನುತ್ತಾರೆ, ನಮ್ಮಲ್ಲಾದರೆ ಅದು ತೋಳ. ಬಗೆದ ಕುರಿಯ ಮುಂದೆ ನಿಂತವನ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ನನಗೆ ಗೊತ್ತು. ಸತ್ತ ಕುರಿಗಿಂತ ಮೊದಲು ನೆನಪಾಗುವುದು ‘ಯಾರಿಗೆ ಏನು ಹೇಳಲಿ’ ಎಂಬುದು. ಎನಿಸ್‌ನ ಮುಖದಲ್ಲಿ ಅದೇ ಇತ್ತು. ಆ ಪಾತ್ರ ಮಾಡಿದ ಹೀತ್ ಲೆಡ್ಜರ್ ಕುರಿ ಕಾಯ್ದವರಲ್ಲ, ಆದರೂ ಆ ಮುಖ ಸುಳ್ಳಾಗಿರಲಿಲ್ಲ.

ಅಜ್ಜನ ಕಾಲದಲ್ಲಿ ದೀಪಾವಳಿ ಮುಗಿದ ಮೇಲೆ ನಮ್ಮ ಹಿಂಡು ಊರು ಬಿಡುತ್ತಿತ್ತು. ರಾತ್ರಿ ಯಾರದಾದರೂ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದರೆ ರೈತರು ಕಾಳನ್ನೋ ಹಣವನ್ನೋ ಕೊಡುತ್ತಿದ್ದರು. ಹಿಂಡಿನ ಬದಿಗೆ ಇಬ್ಬರು ಹುಡುಗರು ಒಂದೇ ಕಂಬಳಿಯಲ್ಲಿ ಮಲಗಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಏಕೆಂದರೆ ಚಳಿಗೆ ಎಲ್ಲರೂ ಹಾಗೆಯೇ ಮಲಗುತ್ತಿದ್ದರು. ಆ ಕಂಬಳಿಯೊಳಗೆ ಯಾರ ಎದೆಯಲ್ಲಿ ಏನಿತ್ತು ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಬೆಟ್ಟದ ಮೇಲೆ ತಮ್ಮನ್ನು ಯಾರೂ ನೋಡುತ್ತಿಲ್ಲವೆಂದು ಅವರಿಬ್ಬರೂ ನಂಬಿದ್ದರು. ಅಗಿರೆ ದುರ್ಬೀನು ಹಿಡಿದು ನೋಡಿಬಿಟ್ಟಿದ್ದ. ಆಗ ಬಾಯಿ ಬಿಡಲಿಲ್ಲ. ಮರುವರ್ಷ ಜ್ಯಾಕ್ ಕೆಲಸ ಕೇಳಿಕೊಂಡು ಬಂದಾಗ ಚುಚ್ಚಿ ಮಾತಾಡಿ ಅಟ್ಟಿದ. ಕೊಲೆಯೋ ಅಪಘಾತವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಆ ದುರ್ಬೀನಿನಲ್ಲಿದೆ. ಒಮ್ಮೆ ಯಾರೋ ನೋಡಿದರೆಂದು ಗೊತ್ತಾದ ಮೇಲೆ ಜ್ಯಾಕ್ ನಿರ್ಜನ ರಸ್ತೆಯಲ್ಲಿ ಸತ್ತರೂ ಆ ರಸ್ತೆ ನಿರ್ಜನವಾಗಿತ್ತೆಂದು ನಾನು ನಂಬಲಾರೆ.

ಉತ್ತರ: ರಾಣೆಬೆನ್ನೂರಿನ ವಕೀಲ

ಹಳೇಹುಬ್ಬಳ್ಳಿಯವರ ವಿಶ್ಲೇಷಣೆಯನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಹೇಳಬೇಕಾಗಿದೆ. ‘ತಲೆಯೊಳಗಿನ ಚಿತ್ರ’ ಎಂದು ನಿಲ್ಲಿಸಿದರೆ ಓದುಗರು ಅದನ್ನು ಭ್ರಮೆ ಎಂದುಕೊಂಡಾರು. ಕಥೆ ಪ್ರಕಟವಾಗಿ ಒಂದು ವರ್ಷವಾಗುವಷ್ಟರಲ್ಲಿ, 1998ರ ಅಕ್ಟೋಬರ್‌ನಲ್ಲಿ, ಅದೇ ವಯೋಮಿಂಗ್‌ನ ಲಾರಮಿ ಪಟ್ಟಣದ ಹೊರಗೆ ಮ್ಯಾಥ್ಯೂ ಶೆಪರ್ಡ್ ಎಂಬ ಇಪ್ಪತ್ತೊಂದು ವರ್ಷದ ಸಲಿಂಗಕಾಮಿ ವಿದ್ಯಾರ್ಥಿಯನ್ನು ಬೇಲಿಗೆ ಕಟ್ಟಿ, ಹೊಡೆದು, ಚಳಿಯಲ್ಲಿ ಬಿಟ್ಟುಹೋದರು. ಆತ ಅಕ್ಟೋಬರ್ 12ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಎನಿಸ್‌ನ ಭಯಕ್ಕೆ ಆಧಾರವಿತ್ತು.

ಕಾನೂನಿನ ಒಂದು ಮಾತನ್ನೂ ಸೇರಿಸುತ್ತೇನೆ. ಇಬ್ಬರು ಗಂಡಸರ ದೈಹಿಕ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಾನೂನನ್ನು ವಯೋಮಿಂಗ್ 1977ರಲ್ಲಿಯೇ ತೆಗೆದುಹಾಕಿತು, ಅಂದರೆ ಕಥೆಯ ಕಾಲದ ನಡುವೆಯೇ. ಟೆಕ್ಸಾಸ್‌ನ ಅಂಥ ಕಾನೂನು ಬಿದ್ದದ್ದು 2003ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಚಿತ್ರದಲ್ಲಿ ಪೊಲೀಸರೂ ಇಲ್ಲ, ನ್ಯಾಯಾಲಯವೂ ಇಲ್ಲ. 1977 ಬಂದು ಹೋದದ್ದು ಎನಿಸ್‌ಗೆ ಗೊತ್ತೇ ಆಗುವುದಿಲ್ಲ. ನಮ್ಮಲ್ಲಿಯೂ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಭಾರತೀಯ ದಂಡ ಸಂಹಿತೆಯ 377ನೆಯ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರಗಿಟ್ಟಿತು. ಆ ದಿನ ನಾನು ತೀರ್ಪಿನ ಸುದ್ದಿಯನ್ನು ಕೋರ್ಟಿನ ಆವರಣದಲ್ಲಿಯೇ ಓದಿದೆ. ಮಧ್ಯಾಹ್ನ ಚಹಾ ಕುಡಿಯುವಾಗ ಅದರ ಬಗ್ಗೆ ಗಟ್ಟಿಯಾಗಿ ಮಾತಾಡಿದವರು ಒಬ್ಬರೂ ಇರಲಿಲ್ಲ, ನಾನೂ ಮಾತಾಡಲಿಲ್ಲ.

ಉತ್ತರ: ಹಾವೇರಿ ಓದುಗಿ

ಲುರೀನ್ ಸುಳ್ಳು ಹೇಳುತ್ತಿದ್ದಾಳೆಯೇ ಎಂದು ಯಾರೂ ಕೇಳಲಿಲ್ಲವಲ್ಲ ಎಂದು ನನಗೆ ಆಶ್ಚರ್ಯವಾಯಿತು. ಅವಳ ದನಿಯನ್ನು ಕೇಳಿ: ಬಾಯಿಪಾಠ ಒಪ್ಪಿಸಿದಂತಿದೆ, ಬಹುಶಃ ಆ ವಾರದಲ್ಲಿ ಹತ್ತಾರು ಜನರಿಗೆ ಅದೇ ಮಾತನ್ನು ಹೇಳಿದ್ದಾಳೆ. ಜ್ಯಾಕ್ ತನ್ನ ಬೂದಿಯನ್ನು ಬ್ರೋಕ್‌ಬ್ಯಾಕ್ ಬೆಟ್ಟದಲ್ಲಿ ಚೆಲ್ಲಬೇಕೆಂದು ಹೇಳುತ್ತಿದ್ದ, ಅದೆಲ್ಲೋ ತನಗೆ ಗೊತ್ತಿಲ್ಲ ಎನ್ನುವಾಗ, ಮತ್ತು ಅವರಿಬ್ಬರೂ ಕುರಿ ಕಾಯ್ದದ್ದು ಅಲ್ಲಿಯೇ ಎಂದು ಎನಿಸ್ ಹೇಳಿದಾಗ, ಅವಳ ಕಣ್ಣು ತುಂಬುತ್ತದೆ. ಗಂಡ ಸತ್ತದ್ದು ಹೇಗೆ ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವನು ಬದುಕಿದ್ದು ಯಾರಿಗಾಗಿ ಎಂಬುದು ಆ ಕ್ಷಣದಲ್ಲಿ ಗೊತ್ತಾಯಿತು ಎಂದೇ ನನ್ನ ನಂಬಿಕೆ.

ಎನಿಸ್‌ನ ಹೆಂಡತಿ ಆಲ್ಮಾಳನ್ನೂ ಮರೆಯಬೇಡಿ. ಗಂಡನ ಮೀನಿನ ಬುಟ್ಟಿಯನ್ನು ಒಂದು ರಾತ್ರಿ ಬಿಚ್ಚಿ ನೋಡಿದರೆ ವರ್ಷಗಳ ಹಿಂದೆ ಕೊಂಡಾಗಿನ ಬೆಲೆಯ ಚೀಟಿ ಹಾಗೆಯೇ ಇತ್ತು. ಗಾಳದ ದಾರದ ತುದಿಗೆ ಅವಳೊಂದು ಚೀಟಿ ಬರೆದು ಕಟ್ಟಿದಳು. ಅವನು ಹೋಗಿ ಬಂದ, ತುಂಬ ಮೀನು ಸಿಕ್ಕಿತ್ತು, ಅಲ್ಲಿಯೇ ತಿಂದೆವು ಎಂದ. ಅವಳು ಮತ್ತೆ ಬುಟ್ಟಿ ತೆಗೆದರೆ ಚೀಟಿ ಕಟ್ಟಿದ್ದ ಜಾಗದಲ್ಲಿಯೇ ಇತ್ತು. ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ವಿಚ್ಛೇದನವಾಗಿ ಇನ್ನೊಂದು ಮನೆ ಸೇರಬೇಕಾಯಿತು. ಆ ಒಂಬತ್ತು ವರ್ಷದ ಹುಡುಗನಿಗೆ ಅಪ್ಪ ತೋರಿಸಿದ ಹೆಣದ ಬೆಲೆಯನ್ನು ಈ ಹೆಣ್ಣುಮಗಳೂ ತೆತ್ತಳು ಎಂಬುದನ್ನು ಸೇರಿಸಿಕೊಂಡು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ಹೆಸರು ಬೇಡ

ಶಿಗ್ಗಾವಿ ಕಡೆಯವನು, ಹುಬ್ಬಳ್ಳಿಯಲ್ಲಿ ನೌಕರಿ. ಈ ಚಿತ್ರವನ್ನು ಮೂರು ಸಲ ನೋಡಿದ್ದೇನೆ, ಮೂರೂ ಸಲ ಒಬ್ಬನೇ.

ಅವನು ಹೇಗೆ ಸತ್ತ ಎಂಬ ಪ್ರಶ್ನೆ ನನಗೆ ಎಂದೂ ಬರಲಿಲ್ಲ, ಏಕೆಂದರೆ ಫೋನಿನಲ್ಲಿ ಎನಿಸ್ ಕಂಡದ್ದನ್ನೇ ನಾನೂ ಕಂಡಿದ್ದೆ, ತೆರೆಯ ಮೇಲೆ ಬರುವುದಕ್ಕಿಂತ ಒಂದು ಕ್ಷಣ ಮೊದಲೇ. ನಾವಿಬ್ಬರೂ ಉಣಕಲ್ ಕೆರೆಯ ದಂಡೆಯ ಕಲ್ಲುಬೆಂಚಿನ ಮೇಲೆ ಕೂರುತ್ತೇವೆ, ಆರು ವರ್ಷದಿಂದ, ಹೆಚ್ಚಾಗಿ ಗುರುವಾರ ಸಂಜೆ. ನಡುವೆ ಯಾವಾಗಲೂ ಅವನ ಆಫೀಸಿನ ಬ್ಯಾಗ್ ಇರುತ್ತದೆ. ಯಾರೂ ಇಡು ಎಂದು ಹೇಳಿಲ್ಲ. ಯಾರಾದರೂ ವಾಕಿಂಗ್‌ಗೆ ಹತ್ತಿರ ಬಂದರೆ ನಾನು ಕ್ರಿಕೆಟ್ ಮಾತು ಶುರುಮಾಡುತ್ತೇನೆ, ಅವನಿಗೆ ಕ್ರಿಕೆಟ್ ಎಂದರೆ ಏನೂ ತಿಳಿಯದು, ಆದರೂ ಹೌದು ಹೌದು ಎನ್ನುತ್ತಾನೆ. ಮನೆಯಲ್ಲಿ ಅವ್ವ ಹೆಣ್ಣು ನೋಡುವ ಮಾತು ತೆಗೆದಿದ್ದಾಳೆ. ಎನಿಸ್‌ನನ್ನು ಹೇಡಿ ಎಂದು ಯಾರೂ ಇಲ್ಲಿ ಬರೆಯದೆ ಇದ್ದದ್ದಕ್ಕೆ ನಿಮಗೆಲ್ಲ ಋಣಿಯಾಗಿದ್ದೇನೆ.

ಪ್ರಶ್ನೆ ಕೇಳಿದವರಿಂದ: ಸಪ್ತಾಪುರದ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ನಿಮ್ಮ ಉತ್ತರಗಳನ್ನು ನಾಲ್ವರೂ ಕೂಡಿ ಗಟ್ಟಿಯಾಗಿ ಓದಿದೆವು, ಆಮೇಲೆ ಕೊನೆಯ ಇಪ್ಪತ್ತು ನಿಮಿಷವನ್ನು ಮತ್ತೆ ನೋಡಿದೆವು. ಮೊದಲ ಸಲ ತಪ್ಪಿಸಿಕೊಂಡ ಒಂದು ಸಂಗತಿ ಈ ಸಲ ಕಂಡಿತು. ಜ್ಯಾಕನ ಹಳೆಯ ಕೋಣೆಯಲ್ಲಿ ಎನಿಸ್‌ಗೆ ಎರಡು ಅಂಗಿಗಳು ಸಿಗುತ್ತವೆ: ಬೆಟ್ಟದಲ್ಲಿ ಕಳೆದುಹೋಯಿತೆಂದುಕೊಂಡಿದ್ದ ತನ್ನ ಅಂಗಿ ಒಳಗೆ, ಜ್ಯಾಕನದು ಹೊರಗೆ, ಎರಡೂ ಒಂದೇ ಹ್ಯಾಂಗರಿಗೆ. ಕೊನೆಯಲ್ಲಿ ಎನಿಸ್ ತನ್ನ ಟ್ರೇಲರ್ ಮನೆಯ ಕಪಾಟಿನಲ್ಲಿ ಅವನ್ನು ತೂಗುಹಾಕಿದಾಗ ಕ್ರಮ ಬದಲಾಗಿದೆ, ಜ್ಯಾಕನ ಅಂಗಿ ಒಳಗಿದೆ, ಎನಿಸ್‌ನದು ಅದನ್ನು ಸುತ್ತುವರಿದಿದೆ. ಮೋಸವಾಯಿತೆಂದು ಸಿಟ್ಟಾಗಿದ್ದ ಗೆಳೆಯ ಅದನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದ, ಆಮೇಲೆ ಕೊಲೆಯೋ ಅಪಘಾತವೋ ಎಂಬ ವಾದವನ್ನು ಯಾರೂ ಮತ್ತೆ ಎತ್ತಲಿಲ್ಲ.

ಹೆಸರು ಬೇಡ ಎಂದವರಿಗೆ ಒಂದು ಮಾತು. ಶನಿವಾರ ರಾತ್ರಿ ನಾವು ಹೇಗೂ ಒಂದು ಚಿತ್ರ ನೋಡುತ್ತೇವೆ. ಮನಸ್ಸಿದ್ದರೆ ನೀವಿಬ್ಬರೂ ಬನ್ನಿ. ಹೆಸರು ಕೇಳುವುದಿಲ್ಲ, ಚಹಾ ನಾವೇ ಮಾಡುತ್ತೇವೆ. ಕೋಣೆ ಚಿಕ್ಕದು, ಚಾಪೆಯ ಮೇಲೆ ಒತ್ತಿ ಕೂರಬೇಕಾಗುತ್ತದೆ. ಬ್ಯಾಗ್ ಹಾಕಲು ಬಾಗಿಲ ಹಿಂದೆ ಗೂಟವಿದೆ.