ಗಿಟಾರ್ ಆಂಪಿನ ಎರಡು ಇಎಲ್34 ಟ್ಯೂಬ್ ತೆಗೆದರೂ ಸದ್ದು ಇಳಿದಿಲ್ಲ, ಉಳಿದವುಗಳಲ್ಲಿ ಒಂದು ಕೆಂಪಾಗುತ್ತಿದೆ

ಆರುತಂತಿ, ಮಲ್ಲೇಶ್ವರ:

ನಾಲ್ಕು ಇಎಲ್34 ಟ್ಯೂಬ್‌ಗಳಿರುವ ಹಳೆಯ 100 ವ್ಯಾಟ್ ಗಿಟಾರ್ ಆಂಪ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ಲಿಫೈಯರ್ ಪೆಟ್ಟಿಗೆ) ಕೊಂಡಿದ್ದೇನೆ. ಮಾರ್ಷಲ್ ಮಾದರಿಯ ಸರ್ಕ್ಯೂಟ್, 16 ಓಮ್ ಸ್ಪೀಕರ್ ಕ್ಯಾಬಿನೆಟ್. ಅಪಾರ್ಟ್‌ಮೆಂಟಿನಲ್ಲಿ ಮಾಸ್ಟರ್ ವಾಲ್ಯೂಮ್ ಎರಡು ದಾಟಿದರೆ ಕಿಟಕಿಯ ಗಾಜು ಅದುರುತ್ತದೆ, ಒಂದಕ್ಕೆ ಇಳಿಸಿದರೆ ನಾದ ಸಪ್ಪೆ. ಎರಡು ಟ್ಯೂಬ್ ತೆಗೆದರೆ ಪವರ್ ಅರ್ಧವಾಗುತ್ತದೆ ಎಂದು ರಿಪೇರಿಯವರೊಬ್ಬರು ಹೇಳಿದ್ದರಿಂದ, ಹಿಂದಿನಿಂದ ನೋಡಿದಾಗ ಎಡಕ್ಕಿರುವ ಎರಡನ್ನು ತೆಗೆದಿದ್ದೇನೆ. ಸದ್ದು ಅಷ್ಟೇನೂ ಇಳಿದಿಲ್ಲ. ಬದಲಿಗೆ ಗುಂಯ್ ಎನ್ನುವ ಹಮ್ ಶುರುವಾಗಿದೆ, ದಪ್ಪ ತಂತಿಗಳ ಸ್ವರ ಕಲಸಿಹೋಗುತ್ತಿದೆ. ಮೂರನೇ ಸಾಕೆಟ್ಟಿನ ಟ್ಯೂಬಿನಲ್ಲಿ ಬೂದು ಪ್ಲೇಟಿನ (ಒಳಗಿನ ಲೋಹದ ಹೊದಿಕೆ) ನಡುವೆ ಉಗುರಿನಗಲ ಕೆಂಪು ಕಾಣುತ್ತದೆ, ನಾಲ್ಕನೆಯದರಲ್ಲಿ ಇಲ್ಲ. ಟ್ಯೂಬ್ ಹೋಗಿದೆಯೇ? ಇದನ್ನು ಮಾರಿ 50 ವ್ಯಾಟಿನದನ್ನು ತೆಗೆದುಕೊಳ್ಳುವುದು ಒಳ್ಳೆಯದೇ?

ಜಾಲಹಳ್ಳಿ ಹಳಬ:

ಮೊದಲು ಆಂಪ್ ಆಫ್ ಮಾಡಿ. ಟ್ಯೂಬಿನ ತುದಿಗಳಲ್ಲಿ ಕಾಣುವ ಕಿತ್ತಳೆ ಬೆಳಕು ಟ್ಯೂಬನ್ನು ಒಳಗಿನಿಂದ ಕಾಯಿಸುವ ಹೀಟರಿನದು, ಅದು ಇರಬೇಕಾದದ್ದೇ. ಪ್ಲೇಟ್ ಮಾತ್ರ ಎಂದಿಗೂ ಕೆಂಪಾಗಬಾರದು. ಹಾಗೆಯೇ ನುಡಿಸುತ್ತ ಕುಳಿತರೆ ಟ್ಯೂಬ್ ಶಾರ್ಟ್ ಆಗುತ್ತದೆ. ಹಿಂದಿನ ಮಾಲೀಕರು ದಪ್ಪ ಫ್ಯೂಸ್ ಹಾಕಿಟ್ಟಿದ್ದರೆ ಟ್ಯೂಬ್‌ಗಳನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಅದರ ಹಿಂದೆಯೇ ಹೋಗುತ್ತದೆ.

ಹಮ್‌ಗೆ ಕಾರಣ ನೀವು ತೆಗೆದ ಜೋಡಿ. ಇದು ಪುಶ್-ಪುಲ್ ಆಂಪ್. ಎಡದ ಎರಡು ಟ್ಯೂಬ್‌ಗಳು ಅಲೆಯ ಒಂದು ಅರ್ಧಕ್ಕೆ, ಬಲದ ಎರಡು ಇನ್ನೊಂದು ಅರ್ಧಕ್ಕೆ ದುಡಿಯುತ್ತವೆ. ನೀವು ಒಂದು ಬದಿಯನ್ನು ಪೂರ್ತಿ ಖಾಲಿ ಮಾಡಿದ್ದೀರಿ. ಎರಡೂ ಬದಿಯ ಡಿಸಿ ಕರೆಂಟ್ ಟ್ರಾನ್ಸ್‌ಫಾರ್ಮರಿನಲ್ಲಿ ಎದುರುಬದುರಾಗಿ ಹರಿದು ಒಂದನ್ನೊಂದು ಅಳಿಸಬೇಕಿತ್ತು, ವಿದ್ಯುತ್ ಪೂರೈಕೆಯ ಹಮ್ ಕೂಡ ಹಾಗೆಯೇ ಅಳಿಯಬೇಕಿತ್ತು. ಈಗ ಎರಡೂ ನಡೆಯುತ್ತಿಲ್ಲ. ತೆಗೆಯುವುದಾದರೆ ಹೊರಗಿನ ಎರಡು, ಇಲ್ಲವೇ ಒಳಗಿನ ಎರಡು. ಆಗ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ (ಟ್ಯೂಬ್‌ಗಳ ಕಡೆಯ ಸುರುಳಿ) ಟ್ಯೂಬ್‌ಗಳಿಗೆ ಕಾಣುವ ಲೋಡ್ ಎರಡರಷ್ಟಾಗಬೇಕು. ಅದಕ್ಕಾಗಿ 16 ಓಮ್ ಕ್ಯಾಬಿನೆಟ್ ಇದ್ದಂತೆಯೇ ಇರಲಿ, ಆಂಪಿನ ಓಮ್ ಸೆಲೆಕ್ಟರನ್ನು 8ಕ್ಕೆ ತಿರುಗಿಸಿ.

ಕೆಂಪಿನ ವಿಷಯ ಬೇರೆ. ಆಂಪ್ ಆರಿಸಿ ತಣ್ಣಗಾದ ಮೇಲೆ ಮೂರು ಮತ್ತು ನಾಲ್ಕನೇ ಟ್ಯೂಬ್‌ಗಳನ್ನು ಅದಲುಬದಲು ಮಾಡಿ, ಒಂದು ನಿಮಿಷ ಮಾತ್ರ ನೋಡಿ. ಕೆಂಪು ಟ್ಯೂಬಿನ ಜೊತೆಗೆ ನಾಲ್ಕಕ್ಕೆ ಹೋದರೆ ಟ್ಯೂಬ್ ಕೆಟ್ಟಿದೆ, ಮೂರರಲ್ಲೇ ಉಳಿದರೆ ಸಾಕೆಟ್ ನೋಡಬೇಕು. ಗೋಡೆಯ ವೋಲ್ಟೇಜ್ ಎಷ್ಟಿದೆ, ಆಂಪಿನ ಹಿಂದಿನ ಮೇನ್ಸ್ ಸೆಲೆಕ್ಟರ್ ಎಲ್ಲಿದೆ ಎಂಬುದನ್ನೂ ತಿಳಿಸಿ.

ಆರುತಂತಿ:

ಸರ್, ಕೆಂಪು ಮೂರನೇ ಸಾಕೆಟ್ಟಿನಲ್ಲೇ ಉಳಿಯಿತು. ಗೋಡೆಯಲ್ಲಿ 244 ವೋಲ್ಟ್ ಇದೆ, ಸೆಲೆಕ್ಟರ್ 220ರಲ್ಲಿತ್ತು.

ಜಾಲಹಳ್ಳಿ ಹಳಬ:

220ರಲ್ಲಿಟ್ಟು 244 ಕೊಟ್ಟರೆ ಒಳಗಿನ ಎಲ್ಲ ವೋಲ್ಟೇಜ್‌ಗಳೂ ಶೇ 11ರಷ್ಟು ಏರುತ್ತವೆ. 6.3 ಇರಬೇಕಾದ ಹೀಟರ್ ವೋಲ್ಟೇಜ್ 7ರ ಹತ್ತಿರ ಬಂದಿರುತ್ತದೆ. 240ಕ್ಕೆ ಹಾಕಿ.

ಆದರೆ ಒಂದೇ ಸಾಕೆಟ್ ಕೆಂಪಾಗುವುದಕ್ಕೆ ಅದೊಂದೇ ಕಾರಣವಲ್ಲ. ಇಎಲ್34ರ ಐದನೇ ಪಿನ್ ಕಂಟ್ರೋಲ್ ಗ್ರಿಡ್, ಅಂದರೆ ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ. ಅಲ್ಲಿ ಮೈನಸ್ 40 ವೋಲ್ಟಿನ ಆಸುಪಾಸಿನ ಬಯಾಸ್, ಅಂದರೆ ಆ ಕರೆಂಟನ್ನು ತಡೆದು ನಿಲ್ಲಿಸುವ ವೋಲ್ಟೇಜ್, ಇರಬೇಕು. ಅದು ತಲುಪದಿದ್ದರೆ ಕರೆಂಟಿಗೆ ಲಗಾಮೇ ಇರುವುದಿಲ್ಲ. ಪವರ್ ಟ್ಯೂಬ್‌ಗಳನ್ನೆಲ್ಲ ತೆಗೆದು ಐದನೇ ಪಿನ್ನಿನ ಬೆಸುಗೆಯ ಮೇಲೊಮ್ಮೆ, ಮೇಲಿನಿಂದ ಸಾಕೆಟ್ಟಿನ ರಂಧ್ರದೊಳಗೊಮ್ಮೆ ಅಳೆಯಬೇಕು. ಒಳಗೆ 450 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಕೆಪಾಸಿಟರ್ ಖಾಲಿ ಮಾಡಿ ಅಭ್ಯಾಸವಿಲ್ಲದಿದ್ದರೆ ಈ ಹಂತವನ್ನು ಬಲ್ಲವರ ಕೈಗೆ ಕೊಡಿ. ಈ ಮಾತನ್ನು ನಾನು ಮರ್ಯಾದೆಗೆ ಹೇಳುತ್ತಿಲ್ಲ.

ಮಂದ್ರ, ಜಯನಗರ:

ಅವರು ದುರಸ್ತಿ ಮಾಡಿಸುವಷ್ಟರಲ್ಲಿ ಮೂಲ ಪ್ರಶ್ನೆಗೆ ಬರೋಣ. 100ರಿಂದ 50 ವ್ಯಾಟಿಗೆ ಇಳಿದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಅರ್ಧವಾಯಿತು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದರೆ 10 ವ್ಯಾಟಿಗೆ ಬರಬೇಕು. ಸ್ಪೀಕರಿನ ಸಂವೇದನೆ (ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಕೊಡುವ ಸದ್ದು) 100 ಡೆಸಿಬೆಲ್ ಎಂದಿಟ್ಟುಕೊಂಡರೆ, ಒಂದು 6ವಿ6 ಟ್ಯೂಬ್ ಇರುವ 5 ವ್ಯಾಟಿನ ಪುಟ್ಟ ಆಂಪ್ ಕೂಡ ಒಂದು ಮೀಟರ್ ದೂರದಲ್ಲಿ 107 ಡೆಸಿಬೆಲ್ ಕೊಡುತ್ತದೆ. ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ ಹಗಲಿಗೆ 55, ರಾತ್ರಿಗೆ 45. ಆದ್ದರಿಂದ ಇದನ್ನು ಮಾರಿ 50 ವ್ಯಾಟಿನದನ್ನು ತಂದರೆ ಮೇಲಿನ ಮನೆಯವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಟ್ರಯೋಡ್ ಸ್ವಿಚ್ ಹಾಕಿಸಿ ಎಂದು ಯಾರಾದರೂ ಹೇಳುತ್ತಾರೆ. ಸ್ಕ್ರೀನ್ ಗ್ರಿಡ್ಡನ್ನು (ಕಂಟ್ರೋಲ್ ಗ್ರಿಡ್ ಮತ್ತು ಪ್ಲೇಟಿನ ನಡುವಿನ ಜಾಲರಿ) ರೆಸಿಸ್ಟರ್ ಮೂಲಕ ಪ್ಲೇಟಿಗೆ ಸೇರಿಸುವ ಉಪಾಯ ಅದು. ಅದರಿಂದಲೂ ಪವರ್ ಹೆಚ್ಚುಕಡಿಮೆ ಅರ್ಧವಾಗುತ್ತದೆ ಅಷ್ಟೆ, ಜೊತೆಗೆ ನಾದದ ಮೊನಚು ಮೊಂಡಾಗುತ್ತದೆ. ನನಗಂತೂ ಹಿಡಿಸಲಿಲ್ಲ. ನಿಮಗೆ ಬೇಕಾದದ್ದು ಆಂಪ್ ಮತ್ತು ಸ್ಪೀಕರಿನ ನಡುವೆ ಕೂತು ಪವರ್ ತಗ್ಗಿಸುವ ಅಟೆನ್ಯುಯೇಟರ್. 20 ಡೆಸಿಬೆಲ್ ಇಳಿಸಿದರೆ 50 ವ್ಯಾಟಿನಲ್ಲಿ ಸ್ಪೀಕರಿಗೆ ಹೋಗುವುದು ಅರ್ಧ ವ್ಯಾಟ್. 100 ವ್ಯಾಟನ್ನು ಆರಾಮವಾಗಿ ತಾಳುವಂಥದ್ದನ್ನೇ ಕೊಳ್ಳಿ. ಎಸ್.ಪಿ. ರಸ್ತೆಯಲ್ಲಿ ಸಿಗುವ 10 ವ್ಯಾಟಿನ ಸಿರಾಮಿಕ್ ರೆಸಿಸ್ಟರ್‌ಗಳನ್ನು ಪೋಣಿಸಿ ಮಾಡುವ ಯೋಚನೆ ಬೇಡ. ಅದರಲ್ಲಿ ಒಂದು ಸುಟ್ಟರೂ ಆಂಪಿಗೆ ಲೋಡ್ ಇಲ್ಲದಂತಾಗಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅಪಾಯ.

ಆರುತಂತಿ:

ರೇಡಿಯೊ ರಿಪೇರಿ ಬಲ್ಲ ನಮ್ಮ ಚಿಕ್ಕಪ್ಪ ಅಳೆದರು. ಬೆಸುಗೆಯ ಮೇಲೆ ಮೈನಸ್ 41 ವೋಲ್ಟ್ ಸ್ಥಿರವಾಗಿತ್ತು. ರಂಧ್ರದೊಳಗೆ ಮೀಟರಿನ ಕಡ್ಡಿ ಇಟ್ಟರೆ ಒಮ್ಮೆ 41, ಒಮ್ಮೆ ಸೊನ್ನೆ. ಒಳಗಿನ ಲೋಹದ ಹಿಡಿಕೆ ಕಪ್ಪಾಗಿ ಸಡಿಲಗೊಂಡಿತ್ತು. ಎಲ್ಲವನ್ನೂ ಡಿಸ್ಚಾರ್ಜ್ ಮಾಡಿ ಅದನ್ನು ಉಜ್ಜಿ ಬಿಗಿ ಮಾಡಿದ್ದಾರೆ. ಒಳಗಿನ ಎರಡು ಟ್ಯೂಬ್ ತೆಗೆದು, ಒಂದು ಮತ್ತು ನಾಲ್ಕರಲ್ಲಿ ಮಾತ್ರ ಹಾಕಿದ್ದೇವೆ. ಹಮ್ ಹೋಯಿತು, ಕೆಂಪೂ ಇಲ್ಲ. ಪ್ಲೇಟಿನಲ್ಲಿ 480 ವೋಲ್ಟ್ ಇದೆ. ಬಯಾಸ್ ಎಷ್ಟಕ್ಕಿಡಬೇಕು?

ಜಾಲಹಳ್ಳಿ ಹಳಬ:

ಇಎಲ್34ರ ಪ್ಲೇಟ್ ತಾಳುವುದು 25 ವ್ಯಾಟ್. ಅದರ ಶೇ 70 ಎಂದರೆ 17.5. 480ರಿಂದ ಭಾಗಿಸಿದರೆ ನುಡಿಸದಿರುವಾಗ ಟ್ಯೂಬಿಗೆ 36 ಮಿಲಿಆಂಪ್ ಕರೆಂಟ್; ಅಷ್ಟು ಬರುವಂತೆ ಬಯಾಸ್ ಇಡಬೇಕು. ಅದು ಮೇಲಿನ ಮಿತಿ, 32ರಲ್ಲಿಟ್ಟರೂ ನಷ್ಟವಿಲ್ಲ. ಮೂರನೇ ಸಾಕೆಟ್ಟನ್ನು ಬಿಗಿ ಮಾಡಿದ್ದು ತಾತ್ಕಾಲಿಕ, ಬಿಡುವಾದಾಗ ಸಿರಾಮಿಕ್ ಸಾಕೆಟ್ ಹಾಕಿಸಿ. ನಾಲ್ಕೂ ಟ್ಯೂಬ್ ಮತ್ತೆ ಹಾಕಿದ ದಿನ ಓಮ್ ಸೆಲೆಕ್ಟರ್ 16ಕ್ಕೆ ಮರಳಬೇಕು, ಬಯಾಸನ್ನೂ ಮತ್ತೆ ಅಳೆಯಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಆಂಪಿನ ಹಿಂದೆ ಅಂಟಿಸಿಬಿಡಿ.