5.5 ಎಚ್‌ಪಿ ಪೆಟ್ರೋಲ್ ಎಂಜಿನ್‌ಗೆ ಎರಡು ಸಿಲಿಂಡರ್ ಕಂಪ್ರೆಸರ್: ಈ ಅಳತೆ ನಡೆಯುತ್ತಾ?

ವರ್ಕ್‌ಶಾಪ್_ಹಾವೇರಿ
ಪಿಕಪ್ ಗಾಡಿ ಮೇಲೆ ಕೂರಿಸುವ ಕಂಪ್ರೆಸರ್ ಮಾಡಿಸಬೇಕು. ಕಾರು, ಟ್ರ್ಯಾಕ್ಟರ್ ಟೈರಿಗೆ ಗಾಳಿ, ಜೊತೆಗೆ ಅರ್ಧ ಇಂಚಿನ ಇಂಪ್ಯಾಕ್ಟ್ ಗನ್. ಬೋರು (ಸಿಲಿಂಡರಿನ ಒಳವ್ಯಾಸ) 65, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 50 ಮಿ.ಮೀ., ಎರಡು ಸಿಲಿಂಡರ್, ಸಿಂಗಲ್ ಸ್ಟೇಜ್ (ಗಾಳಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತುವುದು), 8 ಬಾರ್. ಎಂಜಿನ್ 3000 ಆರ್‌ಪಿಎಂ. ಎಂಜಿನ್ ಪುಲ್ಲಿ 75, ಕಂಪ್ರೆಸರ್ ಪುಲ್ಲಿ 150, ಒಂದು ಬಿ ಸೆಕ್ಷನ್ ವಿ-ಬೆಲ್ಟ್. ಪಿಸ್ಟನ್ ತಲೆ ವಾಲ್ವ್ ಪ್ಲೇಟಿಗೆ ಬಡಿಯಬಾರದು ಅಂತ 2 ಮಿ.ಮೀ. ಗ್ಯಾಪ್ ಬಿಟ್ಟಿದ್ದೇನೆ. ಡ್ರಾಯಿಂಗ್ ಲೇತಿಗೆ ಕೊಡೋ ಮುಂಚೆ ಒಮ್ಮೆ ನೋಡಿ ಹೇಳಿ.

ಕ್ರ್ಯಾಂಕ್‌ಪಿನ್
ಬೋರು, ಸ್ಟ್ರೋಕ್ ಚೆನ್ನಾಗಿದೆ, ಮುಟ್ಟಬೇಡಿ. ತಕರಾರು ಇರೋದು ಸ್ಪೀಡು ಮತ್ತು ಗ್ಯಾಪಿನಲ್ಲಿ.

ನಿಮ್ಮ ಪುಲ್ಲಿ ಲೆಕ್ಕದಲ್ಲಿ ಕಂಪ್ರೆಸರ್ 1500 ಆರ್‌ಪಿಎಂ ತಿರುಗುತ್ತದೆ. ಎಂಜಿನ್ ಹೇಗೋ ಎಳೆದೀತು, ಹೆಡ್ ತಾಳುವುದಿಲ್ಲ. 30 ಡಿಗ್ರಿ ಗಾಳಿಯನ್ನು ಒಂದೇ ಸ್ಟೇಜಿನಲ್ಲಿ 8 ಬಾರ್‌ಗೆ ಒತ್ತಿದರೆ ಲೆಕ್ಕದ ಪ್ರಕಾರವೇ ಸುಮಾರು 230 ಡಿಗ್ರಿ ಆಗುತ್ತದೆ. ಆ ಬಿಸಿಗೆ ಎಣ್ಣೆ ಸುಟ್ಟು ಡೆಲಿವರಿ ವಾಲ್ವ್ ಮೇಲೆ ಇದ್ದಿಲಾಗಿ ಕೂರುತ್ತದೆ. ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒತ್ತಿದ ಗಾಳಿಯೇ ಮತ್ತೆ ಒಳಗೆ ಬಂದು ಇನ್ನಷ್ಟು ಬಿಸಿ. 900 ಆರ್‌ಪಿಎಂ ಇಡಿ. ಪಿಸ್ಟನ್ ವೇಗ ಸೆಕೆಂಡಿಗೆ 1.5 ಮೀಟರ್, ಸ್ವೆಪ್ಟ್ ವಾಲ್ಯೂಮ್ (ಪಿಸ್ಟನ್‌ಗಳು ಓಡುವ ಜಾಗದ ಲೆಕ್ಕ) ನಿಮಿಷಕ್ಕೆ ಸುಮಾರು 300 ಲೀಟರ್.

ಈಗ ಗ್ಯಾಪ್. 8 ಬಾರ್‌ನಲ್ಲಿ ಕ್ಲಿಯರೆನ್ಸ್ ವಾಲ್ಯೂಮ್ (ಪಿಸ್ಟನ್ ತುದಿ ಮುಟ್ಟಿದಾಗಲೂ ಮೇಲೆ ಉಳಿಯುವ ಜಾಗ) ಸ್ವೆಪ್ಟ್ ವಾಲ್ಯೂಮಿನ ಶೇ. 1ರಷ್ಟು ಹೆಚ್ಚಿದರೆ ಗಾಳಿ ಶೇ. 4.4 ಕಡಿಮೆ. ಅಲ್ಲಿ ಉಳಿದ ಒತ್ತಡದ ಗಾಳಿ ಹಿಗ್ಗಿ ಮುಗಿಯುವವರೆಗೆ ಸಕ್ಷನ್ ವಾಲ್ವ್ ತೆರೆಯುವುದೇ ಇಲ್ಲ. ವಾಲ್ವ್ ರಂಧ್ರಗಳಲ್ಲಿ 6 ಸಿಸಿ ಇದೆ ಅಂದುಕೊಂಡರೆ, 2 ಮಿ.ಮೀ. ಗ್ಯಾಪಿಗೆ ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ (ಸ್ವೆಪ್ಟ್ ವಾಲ್ಯೂಮಿನಲ್ಲಿ ನಿಜಕ್ಕೂ ಒಳಗೆ ಬರುವ ಗಾಳಿಯ ಪಾಲು) ಶೇ. 66, 0.6 ಮಿ.ಮೀ.ಗೆ ಶೇ. 79. ಆದ್ದರಿಂದ ಗ್ಯಾಪ್ 0.6 ಇಡಿ. ಬಿಸಿ, ಸೋರಿಕೆ ಕಳೆದು ಕೈಗೆ ಸಿಗೋದು 200 ಲೀಟರ್ ಆಸುಪಾಸು. ನಿಮ್ಮ ಗನ್ನಿಗೆ ಸಾಕು.

0.6 ಇದೆಯೋ ಇಲ್ಲವೋ ನೋಡಲು ಮೆತ್ತನೆ ಬೆಸುಗೆ ತಂತಿ, 1.5 ಮಿ.ಮೀ.ದು, ಎರಡು ತುಂಡು ಪಿಸ್ಟನ್ ತಲೆ ಮೇಲೆ ಗ್ರೀಸ್ ಹಚ್ಚಿ ಅಂಟಿಸಿ. ಗಜನ್ ಪಿನ್ನಿನ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್) ನೇರಕ್ಕೇ ಇಡಬೇಕು, ಇಲ್ಲದಿದ್ದರೆ ಪಿಸ್ಟನ್ ವಾಲಿ ಅಳತೆ ಸುಳ್ಳು ಹೇಳುತ್ತದೆ. ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಹೆಚ್ಚುಕಮ್ಮಿ ಇದ್ದರೆ ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ದಪ್ಪದಲ್ಲಿ ಸರಿಪಡಿಸಿ.

ಬೆಲ್ಟ್_ಬೇರಿಂಗ್
ಬಿ ಬೆಲ್ಟಿಗೆ 75 ಪುಲ್ಲಿ ತೀರಾ ಚಿಕ್ಕದು. ಅದಕ್ಕೆ ಕನಿಷ್ಠ 125 ಬೇಕು. ಚಿಕ್ಕ ಪುಲ್ಲಿ ಮೇಲೆ ಬಗ್ಗಿ ಬಗ್ಗಿ ಬೆಲ್ಟ್ ಒಳಮೈ ಬಿರಿಯುತ್ತದೆ. ಅದಕ್ಕಿಂತ ಸಣ್ಣ ಎ ಸೆಕ್ಷನ್ ಎರಡು ಬೆಲ್ಟ್ ಹಾಕಿ: ಎಂಜಿನ್ ಕಡೆ 90, ಕಂಪ್ರೆಸರ್ ಕಡೆ 300. ಸೆಂಟರ್ ದೂರ 420 ಇಟ್ಟರೆ ಬೆಲ್ಟ್ ಪಿಚ್ ಉದ್ದ ಸುಮಾರು 1480 ಬರುತ್ತದೆ. ಎಂಜಿನ್ ಕೂರುವ ತೂತುಗಳನ್ನು ಸ್ಲಾಟ್ ಮಾಡಿಸಿ, ಬಿಗಿ ಮಾಡಲು ಬೇಕಾಗುತ್ತದೆ. ಎಂಜಿನ್, ಕಂಪ್ರೆಸರ್ ಎರಡೂ ಒಂದೇ ಬೇಸ್ ಪ್ಲೇಟ್ ಮೇಲಿರಲಿ. ರಬ್ಬರ್ ಕೊಡುವುದಾದರೆ ಪ್ಲೇಟ್ ಅಡಿಗೆ.

ದೊಡ್ಡ ಪುಲ್ಲಿಯೇ ಫ್ಲೈವೀಲು, ಅದೇ ಫ್ಯಾನು. ಅರೆಗಳ ಓರೆ ಉಲ್ಟಾ ಆದರೆ ಗಾಳಿ ಹೆಡ್ ಬಿಟ್ಟು ಹೊರಗೆ ಹೋಗುತ್ತದೆ, ಆದ್ದರಿಂದ ಎಂಜಿನ್ ತಿರುಗುವ ದಿಕ್ಕು ನೋಡಿಯೇ ಎರಕ ಹಾಕಿಸಿ. ಇನ್ನೊಂದು, ಎಂಜಿನ್ ಶಾಫ್ಟ್ 19.05 ಇದೆಯೋ 20 ಇದೆಯೋ ಅಳೆದ ಮೇಲೇ ಪುಲ್ಲಿ ಬೋರು.

ವರ್ಕ್‌ಶಾಪ್_ಹಾವೇರಿ
ಧನ್ಯವಾದ ಇಬ್ಬರಿಗೂ. ಕ್ರ್ಯಾಂಕ್ ಪಿನ್ (ಕನೆಕ್ಟಿಂಗ್ ರಾಡ್ ಕೂರುವ ಪಿನ್) 25 ವ್ಯಾಸ, 22 ಉದ್ದ ಸಾಕಾ? ಆಮೇಲೆ, 8 ಬಾರ್ ಆದಾಗ ಎಂಜಿನ್ ಆಫ್ ಆಗೋ ಹಾಗೆ ಪ್ರೆಷರ್ ಸ್ವಿಚ್ ಹಾಕಬಹುದಾ?

ಕ್ರ್ಯಾಂಕ್‌ಪಿನ್
ಪಿನ್ ಧಾರಾಳ ಸಾಕು. ಸೇಫ್ಟಿ ವಾಲ್ವ್ 10 ಬಾರ್‌ಗೆ ಹಾರುತ್ತೆ ಅಂತಿಟ್ಟರೂ ಪಿಸ್ಟನ್ ಮೇಲಿನ ಬಲ ಸುಮಾರು 3300 ನ್ಯೂಟನ್, ಪಿನ್ ಮೇಲೆ ಚದರ ಮಿ.ಮೀ.ಗೆ 6 ನ್ಯೂಟನ್. ಅಲ್ಯೂಮಿನಿಯಂ ರಾಡ್ ನೇರವಾಗಿ ಓಡಬಹುದು, 0.05 ಸಡಿಲ ಇರಲಿ.

ಸ್ವಿಚ್ ಬೇಡ, ಅದು ಕರೆಂಟ್ ಮೋಟಾರಿನ ಪದ್ಧತಿ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನ್ನನ್ನು ನಿಲ್ಲಿಸಿದರೆ ಮತ್ತೆ ಯಾರು ಎಳೀತಾರೆ? ಅನ್‌ಲೋಡರ್ ಹಾಕಿ, ಅಂದರೆ ಎಂಜಿನ್ ಓಡುತ್ತಿರುವಾಗಲೇ ಕಂಪ್ರೆಸರಿನ ಭಾರ ಇಳಿಸುವ ವಾಲ್ವ್. 8 ಬಾರ್‌ಗೆ ಪೈಲಟ್ ವಾಲ್ವ್ ತೆರೆದು ಹೆಡ್ಡಿನ ಗಾಳಿಯನ್ನು ಹೊರಗೆ ಬಿಡಬೇಕು, ಅದೇ ಗಾಳಿ ಪುಟ್ಟ ಸಿಲಿಂಡರಿನಿಂದ ಥ್ರಾಟಲ್ ಇಳಿಸಬೇಕು. 6ಕ್ಕೆ ಬಂದಾಗ ಮತ್ತೆ ಲೋಡ್. ಅನ್‌ಲೋಡರಿಗೂ ಟ್ಯಾಂಕಿಗೂ ನಡುವೆ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ ಟ್ಯಾಂಕೇ ಖಾಲಿಯಾಗುತ್ತೆ. ಸ್ಟಾರ್ಟ್ ಮಾಡುವಾಗಲೂ ಅನ್‌ಲೋಡರ್ ತೆರೆದೇ ಇರಲಿ.

ಐಡಲ್ ತೀರಾ ಇಳಿಸಬೇಡಿ. ಎಂಜಿನ್ 1500ಕ್ಕೆ ಬಂದರೆ ಕಂಪ್ರೆಸರ್ 450, ಆಗ ಡಿಪ್ಪರ್ (ರಾಡಿನ ಅಡಿಯಲ್ಲಿ ಎಣ್ಣೆಗೆ ಅದ್ದುವ ಕಡ್ಡಿ) ಎಣ್ಣೆ ಚಿಮ್ಮಿಸುವುದು ಕಮ್ಮಿ. ಆ ಸ್ಪೀಡಿನಲ್ಲಿ ಸಿಲಿಂಡರ್ ಗೋಡೆ ಒದ್ದೆಯಾಗುತ್ತಾ ಅಂತ ಹೆಡ್ ಬಿಚ್ಚಿಟ್ಟು ಪರೀಕ್ಷಿಸಿ. ಎಣ್ಣೆ 100 ಗ್ರೇಡಿನ ಕಂಪ್ರೆಸರ್ ಆಯಿಲ್, ಗಾಡಿ ಎಂಜಿನ್ನಿನ 20ಡಬ್ಲ್ಯೂ40 ಅಲ್ಲ.

ಬೆಲ್ಟ್_ಬೇರಿಂಗ್
ಹೆಡ್ಡಿನಿಂದ ಟ್ಯಾಂಕಿಗೆ ರಬ್ಬರ್ ಹೋಸ್ ಹಾಕೀರಿ ಜೋಕೆ, ತಾಮ್ರದ ಪೈಪೇ ಬೇಕು. ಟ್ಯಾಂಕ್ 400 ವ್ಯಾಸದ್ದಾದರೆ 5 ಮಿ.ಮೀ. ಪ್ಲೇಟಿಗೆ ಕಡಿಮೆ ಬೇಡ, ಐಎಸ್ 7938 (ಗಾಳಿ ಟ್ಯಾಂಕಿನ ಭಾರತೀಯ ಮಾನಕ) ಪ್ರಕಾರ ಮಾಡಿಕೊಡುವವರ ಹತ್ತಿರವೇ ಕೊಳ್ಳಿ. ಹಳೇ ಗ್ಯಾಸ್ ಸಿಲಿಂಡರ್ ಕತ್ತರಿಸಿ ಬೆಸುಗೆ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಟೆಸ್ಟ್ ಮಾಡಿಸುವಾಗ ನೀರು ತುಂಬಿ 15 ಬಾರ್; ಗಾಳಿ ತುಂಬಿ ಟೆಸ್ಟ್ ಮಾಡಲು ಯಾರನ್ನೂ ಬಿಡಬೇಡಿ.